ಕೊಡಗಿನಷ್ಟೇ ಜನ, ಅಲ್ಲಿ ಇಬ್ಬರು ಸೆನೆಟರ್‌ಗಳು

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಅಮೆರಿಕದ್ದೇ. ಮೊದಲೆಲ್ಲ ಮೆಣಸಿನ ಬಳ್ಳಿಯ ರೋಗ, ಆನೆ ಕಾಟ, ಪೌತಿ ಖಾತೆ ಅಂತ ಕೇಳುತ್ತಿದ್ದವರು ಈಗ ಸೆನೆಟ್, ವೀಟೊ ಅಂತ ಕೇಳುತ್ತಿದ್ದಾರೆ. ಕಾರಣ ಗೊತ್ತಿರುವುದೇ. ಕಾಫಿಗೆ ಸುಂಕ ಅನ್ನುವ ಸುದ್ದಿ ಬಂತು, ಜೊತೆಗೆ ಓಣಿಗೊಂದು ಮನೆಯ ಮಕ್ಕಳು ಆ ಕಡೆ ಹೋಗಿ ಕೂತಿದ್ದಾರೆ. ಒಂದೇ ರೀತಿಯ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸಾರ್, ನಂದು ಏಳು ಎಕರೆ ರೋಬಸ್ಟಾ, ಮರಕ್ಕೆ ಮೆಣಸು ಹಬ್ಬಿಸಿದ್ದೇನೆ. ಅಮೆರಿಕದ ಅಧ್ಯಕ್ಷರು ಒಂದು ದಿನ ಸಹಿ ಹಾಕಿದರೆ ಸುಂಕ ಏರುತ್ತದೆ, ಇನ್ನೊಂದು ದಿನ ಸಹಿ ಹಾಕಿದರೆ ಇಳಿಯುತ್ತದೆ. ಅಲ್ಲಿ ಪಾರ್ಲಿಮೆಂಟ್ ಇಲ್ವಾ? ಕೇಳೋರೇ ಇಲ್ವಾ?
(ಬೆಳೆಗಾರರೊಬ್ಬರು, ಪೊನ್ನಂಪೇಟೆ)

ಇದೆ. ಅದಕ್ಕೆ ಅಲ್ಲಿ ಕಾಂಗ್ರೆಸ್ ಅಂತ ಹೆಸರು. ನಮ್ಮ ಕಾಂಗ್ರೆಸ್ ಪಕ್ಷಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಹಿಂದೊಮ್ಮೆ ಯಾರೋ ಹಾಗೆ ತಿಳಿದುಕೊಂಡು ನನಗೆ ಎರಡು ಪುಟ ಬೈದು ಬರೆದಿದ್ದರು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮೂವರು ಅಣ್ಣತಮ್ಮಂದಿರು ಪಾಲಾಗದ ತೋಟವೊಂದನ್ನು ನೋಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಒಬ್ಬನ ಕೈಯಲ್ಲಿ ಚೆಕ್ ಬುಕ್ಕು. ಇನ್ನೊಬ್ಬ ದಿನಾ ಬೆಳಿಗ್ಗೆ ತೋಟಕ್ಕೆ ಇಳಿದು ರೈಟರಿಗೆ, ಮೇಸ್ತ್ರಿಗೆ ಕೆಲಸ ಹೇಳುವವನು. ಮೂರನೆಯವನ ಹತ್ತಿರ ಅಜ್ಜ ಬರೆಸಿಟ್ಟ ಪತ್ರ ಇದೆ. ಜಗಳ ಬಂದಾಗ ಅದನ್ನು ಬಿಚ್ಚಿ ಓದಿ, ನೀನು ಮಾಡಿದ್ದು ಸರಿ, ನೀನು ಮಾಡಿದ್ದು ತಪ್ಪು ಅಂತ ಹೇಳುವುದು ಅವನ ಕೆಲಸ. ಚೆಕ್ ಬುಕ್ಕಿನವನು ಕಾಂಗ್ರೆಸ್, ತೋಟಕ್ಕೆ ಇಳಿಯುವವನು ಅಧ್ಯಕ್ಷ, ಪತ್ರ ಓದುವವನು ಸುಪ್ರೀಂ ಕೋರ್ಟ್. ಒಬ್ಬರ ಸಹಾಯ ಇಲ್ಲದೆ ಇನ್ನೊಬ್ಬರಿಗೆ ದೂರ ಹೋಗಲು ಆಗಬಾರದು, ಹಾಗೆ ಕಟ್ಟಿದ್ದಾರೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರಿಗೆ ಇಂಗ್ಲೆಂಡಿನ ರಾಜನ ಕೈಯಿಂದ ಬಿಡಿಸಿಕೊಂಡು ಬಂದ ನೆನಪು ಇನ್ನೂ ಹಸಿಯಾಗಿತ್ತು. ಇನ್ನೊಬ್ಬ ರಾಜನನ್ನು ನಾವೇ ತಂದು ಕೂರಿಸಿಕೊಳ್ಳಬಾರದು ಅನ್ನುವ ಭಯ ಆ ಸಂವಿಧಾನದ ಪುಟಪುಟದಲ್ಲೂ ಇದೆ. (1788ರಲ್ಲಿ ಅದಕ್ಕೆ ರಾಜ್ಯಗಳ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಇಲ್ಲಿ ನಮ್ಮ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಪಿರಿಯಾಪಟ್ಟಣದಿಂದ ಕೊಡಗಿಗೆ ಬಂದದ್ದು. ಅವರು ರಾಜನಿಂದ ಬಿಡಿಸಿಕೊಂಡರು, ನಮಗೆ ರಾಜ ವಾಪಸ್ ಬಂದ.)

ಈಗ ನಿಮ್ಮ ಸುಂಕಕ್ಕೆ ಬರೋಣ. ಸುಂಕ ಹಾಕುವುದು ಚೆಕ್ ಬುಕ್ಕಿನವನ ಅಧಿಕಾರ, ಸಂವಿಧಾನದ ಮೊದಲ ವಿಧಿಯಲ್ಲೇ ಹಾಗೆ ಬರೆದಿದೆ. 1930ರಲ್ಲಿ ಕಾಂಗ್ರೆಸ್ ತಾನೇ ಕೂತು ಸಾವಿರಾರು ಸಾಮಾನಿಗೆ ಸುಂಕ ಏರಿಸಿ, ಬೇರೆ ದೇಶಗಳೂ ತಿರುಗಿ ಏರಿಸಿ, ಜಗತ್ತಿನ ವ್ಯಾಪಾರವೇ ಕೆಟ್ಟುಹೋಗಿತ್ತು. ಆಮೇಲೆ 1934ರಿಂದ ಸ್ವಲ್ಪ ಸ್ವಲ್ಪವಾಗಿ ಈ ಅಧಿಕಾರವನ್ನು ಕಾನೂನು ಮಾಡಿ ಅಧ್ಯಕ್ಷರ ಕೈಗೆ ಕೊಡುತ್ತಾ ಬಂದರು. ಚೆಕ್ ಬುಕ್ಕಿನವನು ಪ್ರತಿ ಸಲ ಯಾರು ಕೂರುತ್ತಾರೆ ಅಂತ ಕೆಲವು ಖಾಲಿ ಚೆಕ್ಕಿಗೆ ಸಹಿ ಹಾಕಿ ಅಣ್ಣನಿಗೆ ಕೊಟ್ಟ ಹಾಗೆ. 1977ರಲ್ಲಿ ತುರ್ತು ಪರಿಸ್ಥಿತಿಗೆ ಅಂತ ಇನ್ನೊಂದು ಕಾನೂನು ಬಂತು. 2025ರಲ್ಲಿ ಟ್ರಂಪ್ ಅದನ್ನೇ ಹಿಡಿದುಕೊಂಡು ದೇಶದೇಶಕ್ಕೆ ಸುಂಕ ಹಾಕಿದರು. ಭಾರತಕ್ಕೆ ಮೊದಲು ‘ಪ್ರತಿಸುಂಕ’ ಅಂತ (ನೀವು ನಮ್ಮ ಸಾಮಾನಿಗೆ ಹಾಕುತ್ತೀರಿ, ನಾವೂ ಹಾಕುತ್ತೇವೆ ಅನ್ನುವ ಸುಂಕ) 25, ರಷ್ಯಾದ ಎಣ್ಣೆ ಕೊಂಡದ್ದಕ್ಕೆ ಅಂತ ಮತ್ತೆ 25, ಆಗಸ್ಟ್ ಕೊನೆಗೆ ಒಟ್ಟು ಶೇಕಡಾ 50. ಆಮೇಲೆ ಅಲ್ಲಿಯ ಜನರಿಗೇ ಕಾಫಿ ತುಟ್ಟಿಯಾಯಿತು. ನವೆಂಬರಿನಲ್ಲಿ ಕಾಫಿ, ಟೀ, ಮಸಾಲೆ ಸಾಮಾನುಗಳನ್ನು ‘ಪ್ರತಿಸುಂಕ’ದ ಪಟ್ಟಿಯಿಂದ ಕೈಬಿಟ್ಟರು.

ಕೇಳೋರೇ ಇಲ್ವಾ ಅಂದಿರಲ್ಲ, ಇದ್ದಾರೆ. ಆಟದ ಸಾಮಾನು ಮಾಡುವ ಕಂಪನಿ, ಹೊರಗಿನಿಂದ ವೈನ್ ತರಿಸುವ ಸಣ್ಣ ವ್ಯಾಪಾರಿ, ಹನ್ನೆರಡು ರಾಜ್ಯಗಳು, ಇವರೆಲ್ಲ ಕೋರ್ಟಿಗೆ ಹೋದರು. ತುರ್ತು ಕಾನೂನಿನಲ್ಲಿ ಸುಂಕ ಅನ್ನುವ ಪದವೇ ಇಲ್ಲವಲ್ಲ, ಅಧ್ಯಕ್ಷರಿಗೆ ಇದು ಎಲ್ಲಿಂದ ಬಂತು ಅಂತ ಅವರ ಪ್ರಶ್ನೆ. 2025ರ ನವೆಂಬರ್ 5ಕ್ಕೆ ಅದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಮುಂದೆ ವಾದಕ್ಕೆ ಬಂತು. ನನ್ನ ಮಟ್ಟಿಗೆ ಇಲ್ಲಿ ಜಾಸ್ತಿ ತಪ್ಪು ಕಾಂಗ್ರೆಸ್ಸಿನದೇ. ಸಹಿ ಹಾಕಿದ ಖಾಲಿ ಚೆಕ್ ಕೊಟ್ಟವರು ಅವರು.

ಪ್ರಶ್ನೆ: ಸಾರ್, ನಮ್ಮ ಪ್ರಧಾನಿಗೆ ಪವರ್ ಜಾಸ್ತಿಯೋ ಅಮೆರಿಕದ ಅಧ್ಯಕ್ಷರಿಗೆ ಜಾಸ್ತಿಯೋ? ಕ್ಲಾಸಿನಲ್ಲಿ ಜಗಳವೇ ಆಯಿತು. ನಾನು ಅಧ್ಯಕ್ಷರಿಗೆ ಅಂದೆ.
(ಪಿಯುಸಿ ವಿದ್ಯಾರ್ಥಿನಿ, ಮಡಿಕೇರಿ)

ನೀನು ಅರ್ಧ ಗೆದ್ದೆ. ಸೈನ್ಯ, ಹೊರದೇಶದ ವ್ಯವಹಾರ ಅಂತ ಬಂದರೆ ಅಧ್ಯಕ್ಷರ ಕೈ ಉದ್ದ. ಆದರೆ ಮನೆಯೊಳಗೆ ಒಂದು ಕಾನೂನು ಮಾಡಿಸಬೇಕು ಅಂದರೆ, ಲೋಕಸಭೆಯಲ್ಲಿ ಗಟ್ಟಿ ಬಹುಮತ ಇರುವ ನಮ್ಮ ಪ್ರಧಾನಿಗೆ ಅವರಿಗಿಂತ ಎಷ್ಟೋ ಸುಲಭ.

ಯಾಕೆ ಅಂದರೆ, ನಮ್ಮಲ್ಲಿ ಪ್ರಧಾನಿ ಹುಟ್ಟುವುದೇ ಲೋಕಸಭೆಯ ಬಹುಮತದಿಂದ. ಅವರ ಪಕ್ಷದ ಸಂಸದರು ವಿಪ್ ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ಕಾನೂನಿನಲ್ಲಿ ಸೀಟೇ ಹೋಗುತ್ತದೆ. ಅಲ್ಲಿ ಅಧ್ಯಕ್ಷರ ಚುನಾವಣೆ ಬೇರೆ, ಕಾಂಗ್ರೆಸ್ಸಿನ ಚುನಾವಣೆ ಬೇರೆ. ಅಧ್ಯಕ್ಷರು ಸದನದ ಸದಸ್ಯರಲ್ಲ, ಅವರ ಮಂತ್ರಿಗಳೂ ಸದಸ್ಯರಾಗಿರುವ ಹಾಗಿಲ್ಲ. ಮಾರ್ಕೊ ರೂಬಿಯೊ 2025ರ ಜನವರಿಯಲ್ಲಿ ವಿದೇಶಾಂಗ ಮಂತ್ರಿ ಆಗುವಾಗ ಸೆನೆಟ್ ಸೀಟು ಬಿಟ್ಟು ಬರಬೇಕಾಯಿತು. ಇನ್ನು ಅಧ್ಯಕ್ಷರ ಪಕ್ಷದವರೇ ಅವರ ವಿರುದ್ಧ ಮತ ಹಾಕಿದರೂ ಯಾರ ಸೀಟೂ ಹೋಗುವುದಿಲ್ಲ, ಸರ್ಕಾರವೂ ಬೀಳುವುದಿಲ್ಲ. 2017ರಲ್ಲಿ ತಮಿಳುನಾಡಿನ ಶಾಸಕರು ನಮ್ಮ ಜಿಲ್ಲೆಯ ರೆಸಾರ್ಟಿಗೆ ಬಂದು ಕೂತಿದ್ದರಲ್ಲ, ಆ ಥರದ ರೆಸಾರ್ಟ್ ರಾಜಕೀಯಕ್ಕೆ ವಾಷಿಂಗ್ಟನ್ನಿನಲ್ಲಿ ಕೆಲಸವೇ ಇಲ್ಲ. ಬೀಳಿಸಲು ಏನಿದೆ ಅಲ್ಲಿ? ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ.

ಕಾನೂನು ಆಗುವುದು ಹೇಗೆ ಅಂದರೆ, ಎರಡು ಸದನ. ಪ್ರತಿನಿಧಿ ಸಭೆಯಲ್ಲಿ 435 ಜನ, ಎರಡು ವರ್ಷಕ್ಕೊಮ್ಮೆ ಚುನಾವಣೆ. ಸೆನೆಟ್‌ನಲ್ಲಿ 100 ಜನ, ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ಬದಲು. ಎರಡೂ ಕಡೆ ಪಾಸಾಗಿ ಅಧ್ಯಕ್ಷರ ಮೇಜಿಗೆ ಬರುತ್ತದೆ. ಅವರು ಬೇಡ ಅಂತ ವಾಪಸ್ ಕಳಿಸಬಹುದು, ಅದೇ ವೀಟೊ. ಆಗ ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಅಧ್ಯಕ್ಷರ ಸಹಿ ಇಲ್ಲದೆಯೂ ಕಾನೂನು ಆಗುತ್ತದೆ. ಅಷ್ಟು ಮತ ಸೇರಿಸುವುದು ಹುಡುಗಾಟ ಅಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ 635 ವೀಟೊ ಹಾಕಿದರು, ಅದರಲ್ಲಿ ಕಾಂಗ್ರೆಸ್ ಮೀರಲು ಆದದ್ದು 9 ಮಾತ್ರ.

ದುಡ್ಡಿನ ಮಸೂದೆ ಪಾಸಾಗದಿದ್ದರೆ? ನಮ್ಮಲ್ಲಾದರೆ ಬಜೆಟ್ ಬಿದ್ದರೆ ಸರ್ಕಾರವೇ ಬಿತ್ತು. ಅಲ್ಲಿ ಸರ್ಕಾರ ಬೀಳುವುದಿಲ್ಲ, ಆಫೀಸು ಮುಚ್ಚುತ್ತದೆ. 2025ರ ಅಕ್ಟೋಬರ್ 1ರಿಂದ 43 ದಿನ ಹಾಗೆ ಬಾಗಿಲು ಹಾಕಿತ್ತು. ಲಕ್ಷಗಟ್ಟಲೆ ನೌಕರರಿಗೆ ಸಂಬಳ ಇಲ್ಲ, ಆದರೆ ಅಧ್ಯಕ್ಷರೂ ಅಲ್ಲೇ, ಕಾಂಗ್ರೆಸ್ಸೂ ಅಲ್ಲೇ. ನಿನ್ನ ಗೆಳತಿಯರಿಗೆ ಇದನ್ನು ಹೇಳು, ಉಳಿದರ್ಧ ಅವರು ಗೆಲ್ಲಲಿ.

ಪ್ರಶ್ನೆ: ಅಮೆರಿಕದಲ್ಲಿ ಚುನಾವಣೆ ಯಾವಾಗಲೂ ಮಂಗಳವಾರವೇ ಯಾಕೆ?
(ನಿವೃತ್ತ ಮೇಷ್ಟ್ರು, ಶನಿವಾರಸಂತೆ)

ನಿಮ್ಮ ಊರಿನ ಹೆಸರಿನಲ್ಲೇ ಉತ್ತರ ಇದೆ ಮೇಷ್ಟ್ರೇ. ಸಂತೆ! 1845ರಲ್ಲಿ ಈ ದಿನ ಗೊತ್ತು ಮಾಡುವಾಗ ಅಲ್ಲಿ ಬಹುಪಾಲು ಜನ ರೈತರು. ಭಾನುವಾರ ಚರ್ಚು. ಮತ ಹಾಕಲು ಕುದುರೆಗಾಡಿಯಲ್ಲಿ ಪೇಟೆಗೆ ಹೋಗಲು ಒಂದು ದಿನ ಬೇಕು, ಅದು ಸೋಮವಾರ. ಬುಧವಾರ ಎಷ್ಟೋ ಕಡೆ ಸಂತೆ. ಉಳಿದದ್ದು ಮಂಗಳವಾರ. ನವೆಂಬರ್ ಯಾಕೆ ಅಂದರೆ ಕೊಯ್ಲು ಮುಗಿದಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ಕೊಡಗಿನವರು ಗೊತ್ತು ಮಾಡಿದ್ದರೆ ಖಂಡಿತ ನವೆಂಬರ್ ಇಡುತ್ತಿರಲಿಲ್ಲ, ಅರೇಬಿಕಾ ಹಣ್ಣು ಕೊಯ್ಯುವವರು ಯಾರು? ಈಗ ಅಲ್ಲಿ ಕುದುರೆಗಾಡಿಯೂ ಇಲ್ಲ, ಸಂತೆಯೂ ಇಲ್ಲ, ಮಂಗಳವಾರ ಮಾತ್ರ ಉಳಿದಿದೆ. ರಜೆಯೂ ಇಲ್ಲ ಬಹಳ ಕಡೆ.

ಪ್ರಶ್ನೆ: ನಮಸ್ಕಾರ. ಮಗಳು ನ್ಯೂ ಜೆರ್ಸಿಯಲ್ಲಿದ್ದಾಳೆ. 2016ರಲ್ಲಿ ಹಿಲರಿ ಕ್ಲಿಂಟನ್ನಿಗೆ ಜಾಸ್ತಿ ಮತ ಬಿದ್ದಿದ್ದರೂ ಟ್ರಂಪ್ ಗೆದ್ದರು ಅಂತ ಅವಳು ಹೇಳಿದಳು. ಅದು ಹೇಗೆ ಅಂತ ಕೇಳಿದರೆ ‘ಅಮ್ಮ, ಅದು ದೊಡ್ಡ ಕಥೆ’ ಅಂತ ಫೋನ್ ಇಟ್ಟಳು. ಕಥೆ ಏನು?
(ಗೃಹಿಣಿ, ಕುಶಾಲನಗರ)

ಕಥೆ ದೊಡ್ಡದೇ ಅಕ್ಕ, ಆದರೆ ನಮಗೆ ಹೊಸದಲ್ಲ. 2018ರ ನಮ್ಮ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ರಾಜ್ಯದಲ್ಲಿ ಒಟ್ಟು ಮತ ಜಾಸ್ತಿ ಬಿದ್ದದ್ದು ಕಾಂಗ್ರೆಸ್ಸಿಗೆ. ಸೀಟು ಜಾಸ್ತಿ ಬಂದದ್ದು ಬಿಜೆಪಿಗೆ, 104. ಕಾಂಗ್ರೆಸ್ಸಿಗೆ 80ರ ಆಸುಪಾಸು. ಒಂದು ಕ್ಷೇತ್ರದಲ್ಲಿ 50 ಸಾವಿರ ಅಂತರದಿಂದ ಗೆದ್ದರೂ ಸೀಟು ಒಂದೇ, 500 ಅಂತರದಿಂದ ಗೆದ್ದರೂ ಒಂದೇ. ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಕ್ಷೇತ್ರದ ಜಾಗದಲ್ಲಿ ಇಡೀ ರಾಜ್ಯವನ್ನೇ ಇಟ್ಟುಬಿಡಿ, ಅರ್ಧ ಕಥೆ ಮುಗಿಯಿತು.

ಅಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಅಧ್ಯಕ್ಷರಿಗೆ ಮತ ಹಾಕುವ ‘ಎಲೆಕ್ಟರ್’ಗಳನ್ನು ಆರಿಸುತ್ತಾರೆ. ಒಟ್ಟು 538 ಜನ. ಇವರೆಲ್ಲ ಸೇರಿದ್ದಕ್ಕೆ ಎಲೆಕ್ಟೊರಲ್ ಕಾಲೇಜು ಅಂತ ಹೆಸರು. ಕಾಲೇಜು ಅಂದರೆ ಕಟ್ಟಡ ಅಲ್ಲ, ಅವರೆಲ್ಲ ಒಂದೇ ಕಡೆ ಸೇರುವುದೂ ಇಲ್ಲ. ಡಿಸೆಂಬರ್ ಮಧ್ಯದಲ್ಲಿ, ನಮ್ಮಲ್ಲಿ ಹುತ್ತರಿ ಮುಗಿಯುವ ಹೊತ್ತಿಗೆ, ತಮ್ಮ ತಮ್ಮ ರಾಜ್ಯದಲ್ಲೇ ಕೂತು ಮತ ಬರೆದು ಕಳಿಸುತ್ತಾರೆ. 270 ಬಂದವರು ಅಧ್ಯಕ್ಷರು.

ಯಾವ ರಾಜ್ಯಕ್ಕೆ ಎಷ್ಟು ಎಲೆಕ್ಟರ್? ಆ ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು, ಅದಕ್ಕೆ ಇಬ್ಬರು ಸೆನೆಟರ್‌ಗಳ ಲೆಕ್ಕ ಕೂಡಿಸಿ. ಪ್ರತಿನಿಧಿಗಳ ಸಂಖ್ಯೆ ಜನಸಂಖ್ಯೆ ನೋಡಿ ಕೊಟ್ಟದ್ದು. ಸೆನೆಟರ್ ಮಾತ್ರ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಇಬ್ಬರೇ. ಕ್ಯಾಲಿಫೋರ್ನಿಯಾಕ್ಕೆ 54, ಟೆಕ್ಸಸ್ಸಿಗೆ 40, ನಿಮ್ಮ ಮಗಳ ನ್ಯೂ ಜೆರ್ಸಿಗೆ 14. ರಾಜಧಾನಿ ವಾಷಿಂಗ್ಟನ್ ರಾಜ್ಯವೇ ಅಲ್ಲ, ಅದಕ್ಕೆ 1961ರ ತಿದ್ದುಪಡಿಯಿಂದ 3. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಬೇರೆ ಎಲ್ಲ ಕಡೆ, ರಾಜ್ಯದಲ್ಲಿ ಒಂದು ಮತ ಜಾಸ್ತಿ ಬಂದವರಿಗೂ ಆ ರಾಜ್ಯದ ಎಲೆಕ್ಟರ್‌ಗಳೆಲ್ಲ ಪೂರ್ತಿ ಹೋಗುತ್ತಾರೆ. ಹಿಲರಿಗೆ ಕ್ಯಾಲಿಫೋರ್ನಿಯಾದಲ್ಲಿ ಮತ ರಾಶಿ ರಾಶಿ ಬಿತ್ತು, ದೇಶದ ಲೆಕ್ಕದಲ್ಲಿ ಸುಮಾರು 29 ಲಕ್ಷ ಜಾಸ್ತಿ ಬಂತು. ಆದರೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಈ ಮೂರರಲ್ಲಿ ಸೇರಿ ಸುಮಾರು 78 ಸಾವಿರ ಮತ ಕಮ್ಮಿ ಬಿತ್ತು, ಮೂರೂ ರಾಜ್ಯ ಟ್ರಂಪ್ ಕಡೆ ಹೋದವು. ಕೊನೆಯ ಲೆಕ್ಕ 304ಕ್ಕೆ 227. ಕೂಡಿಸಿದರೆ 538 ಬರಲ್ಲವಲ್ಲ ಅಂತ ಕೇಳಬೇಡಿ. ಏಳು ಎಲೆಕ್ಟರ್‌ಗಳು ಮಾತು ತಪ್ಪಿ ಬೇರೆ ಯಾರಿಗೋ ಹಾಕಿದ್ದರು. ಈ ಥರ ಕಮ್ಮಿ ಮತ ಪಡೆದವರು ಅಧ್ಯಕ್ಷರಾದದ್ದು ಅದೇ ಮೊದಲಲ್ಲ. 1824, 1876, 1888, 2000, ಆಮೇಲೆ 2016. ಆದರೆ 2024ರಲ್ಲಿ ಕಮಲಾ ಹ್ಯಾರಿಸ್ ಎದುರು ಟ್ರಂಪ್ ಎರಡೂ ಲೆಕ್ಕದಲ್ಲಿ ಮುಂದಿದ್ದರು, 312ಕ್ಕೆ 226.

ಈ ಸುತ್ತುಬಳಸು ಯಾಕೆ ಬೇಕಿತ್ತು? ಚಿಕ್ಕ ರಾಜ್ಯಗಳು ದೊಡ್ಡವರ ಜೊತೆ ಸೇರಲು ಹೆದರುತ್ತಿದ್ದವು, ಅದಕ್ಕೆ ಎಲ್ಲರಿಗೂ ಇಬ್ಬರು ಸೆನೆಟರ್. ಇದನ್ನು ಎಲ್ಲರೂ ಹೇಳುತ್ತಾರೆ. ಜಾಸ್ತಿ ಹೇಳದೆ ಇರುವ ಇನ್ನೊಂದು ಕಾರಣವೂ ಇದೆ, ಅದು ಗುಲಾಮಗಿರಿ. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಗೆ ಮತ ಇರಲಿಲ್ಲ, ಆದರೆ ಸೀಟಿನ ಲೆಕ್ಕಕ್ಕೆ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿದರು. ಜನ ನೇರವಾಗಿ ಮತ ಹಾಕುವ ಹಾಗಿದ್ದರೆ ಆ ಲೆಕ್ಕ ದಕ್ಷಿಣಕ್ಕೆ ದಕ್ಕುತ್ತಿರಲಿಲ್ಲ. ಎಲೆಕ್ಟರ್ ಪದ್ಧತಿಯಲ್ಲಿ ದಕ್ಕಿತು. ಗುಲಾಮಗಿರಿ 1865ರಲ್ಲಿ ಹೋಯಿತು, ಪದ್ಧತಿ ಉಳಿಯಿತು.

ಈಗ ನನಗೆ ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ. ವಯೋಮಿಂಗ್ ಅಂತ ಒಂದು ರಾಜ್ಯ ಇದೆ. 2020ರ ಜನಗಣತಿಯಲ್ಲಿ ಅಲ್ಲಿಯ ಜನ 5,76,851. ನಮ್ಮ ಕೊಡಗು ಜಿಲ್ಲೆಯಲ್ಲಿ 2011ರ ಜನಗಣತಿಯಲ್ಲಿ 5,54,519. ಹೆಚ್ಚುಕಮ್ಮಿ ಒಂದೇ! ಜಾಗ ಮಾತ್ರ ಅವರದ್ದು ಇಡೀ ಕರ್ನಾಟಕಕ್ಕಿಂತ ದೊಡ್ಡದು. ಈ ಕೊಡಗಿನಷ್ಟು ಜನರಿಗೆ ಇಬ್ಬರು ಸೆನೆಟರ್, ಒಬ್ಬ ಪ್ರತಿನಿಧಿ, ಮೂವರು ಎಲೆಕ್ಟರ್. ಸುಮಾರು 4 ಕೋಟಿ ಜನ ಇರುವ ಕ್ಯಾಲಿಫೋರ್ನಿಯಾಕ್ಕೂ ಸೆನೆಟರ್ ಇಬ್ಬರೇ. ಲೆಕ್ಕ ಹಾಕಿದರೆ ವಯೋಮಿಂಗ್‌ನಲ್ಲಿ 1.9 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷ ಜನರಿಗೆ ಒಬ್ಬ. ನಮ್ಮ ರಾಜ್ಯಸಭೆ ಹಾಗಿಲ್ಲ, ಅಲ್ಲಿ ಉತ್ತರ ಪ್ರದೇಶಕ್ಕೆ 31, ಸಿಕ್ಕಿಂಗೆ 1.

ಮೊದಲ ಸಲ ಈ ಲೆಕ್ಕ ಹಾಕಿದಾಗ ನಿಜ ಹೇಳಬೇಕು, ಹೊಟ್ಟೆಕಿಚ್ಚಾಯಿತು. 1956ರ ನವೆಂಬರ್ 1ರವರೆಗೆ ನಾವೂ ಒಂದು ರಾಜ್ಯವೇ ಆಗಿದ್ದೆವು, 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಈಗ ಮಡಿಕೇರಿ ಒಂದು, ವಿರಾಜಪೇಟೆ ಒಂದು, ಎರಡೇ ಸೀಟು. ಬೆಂಗಳೂರು ನಗರಕ್ಕೇ 28. ಲೋಕಸಭೆಗೆ ಮೈಸೂರಿನ ಜೊತೆ ಕಟ್ಟಿದ್ದಾರೆ. ವಯೋಮಿಂಗ್‌ನವರು ಪುಣ್ಯವಂತರು ಅಂದುಕೊಂಡೆ.

ಆಮೇಲೆ ಯೋಚಿಸಿದೆ, ಅವರಿಗೆ ಈ ಮೂರು ಎಲೆಕ್ಟರ್‌ನಿಂದ ಏನು ಸಿಕ್ಕಿತು? ಚುನಾವಣೆ ಸಮಯದಲ್ಲಿ ಅಧ್ಯಕ್ಷರಾಗುವವರು ಯಾರೂ ವಯೋಮಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಟ್ರಂಪ್ ಅವರ ಪಕ್ಷ ರಿಪಬ್ಲಿಕನ್ನರಿಗೆ ಹೋಗುವುದು ಗ್ಯಾರಂಟಿ, ಒಬ್ಬರಿಗೆ ದಂಡ, ಇನ್ನೊಬ್ಬರಿಗೆ ಬೇಕಾಗಿಲ್ಲ. ಕ್ಯಾಲಿಫೋರ್ನಿಯಾವೂ ಹಾಗೇ, ಎದುರು ಪಕ್ಷ ಡೆಮಾಕ್ರಟರ ಕಡೆ ಗ್ಯಾರಂಟಿ. 2024ರಲ್ಲಿ ಇಬ್ಬರೂ ಓಡಾಡಿದ್ದು ಯಾವ ಕಡೆ ಬೀಳುತ್ತದೆ ಅಂತ ಗೊತ್ತಿಲ್ಲದ ಏಳು ರಾಜ್ಯಗಳಲ್ಲಿ. ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ. ಚಿಕ್ಕವರಿಗೆ ಬಲ ಕೊಡುವ ಪದ್ಧತಿ ಅನ್ನುತ್ತಾರೆ, ನನಗೇನೋ ಅದು ಅನುಮಾನದ ರಾಜ್ಯಗಳಿಗೆ ಬಲ ಕೊಡುವ ಪದ್ಧತಿ ಅನ್ನಿಸುತ್ತದೆ. ಸೆನೆಟ್‌ನಲ್ಲಿ ಮಾತ್ರ ವಯೋಮಿಂಗ್‌ಗೆ ನಿಜವಾದ ಬಲ ಇದೆ. ನ್ಯಾಯಾಧೀಶರ ನೇಮಕಕ್ಕೆ, ಮಂತ್ರಿಗಳ ನೇಮಕಕ್ಕೆ ಸೆನೆಟ್ ಒಪ್ಪಬೇಕು. ಅಲ್ಲಿ ಅವರ ಎರಡು ಮತ ಕ್ಯಾಲಿಫೋರ್ನಿಯಾದ ಎರಡು ಮತಕ್ಕೆ ಸರಿಸಮ. ಹೊಟ್ಟೆಕಿಚ್ಚು ಅಷ್ಟಕ್ಕೆ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಇಷ್ಟು ಗೋಜಲು ಇದ್ದರೆ ಬದಲಾಯಿಸಬಹುದಲ್ಲ?
(ಅಂಗಡಿ ಮಾಲೀಕರು, ಸುಂಟಿಕೊಪ್ಪ)

ಸಂವಿಧಾನ ತಿದ್ದಲು ಎರಡೂ ಸದನದಲ್ಲಿ ಮೂರನೇ ಎರಡು, ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಲಾಭ ಇರುವ ರಾಜ್ಯಗಳು ಯಾಕೆ ಒಪ್ಪುತ್ತವೆ? 1969ರಲ್ಲಿ ಒಮ್ಮೆ ತುಂಬಾ ಹತ್ತಿರ ಬಂದಿತ್ತು, ನೇರ ಚುನಾವಣೆಗೆ ಪ್ರತಿನಿಧಿ ಸಭೆ 338ಕ್ಕೆ 70 ಮತದಿಂದ ಹೂಂ ಅಂದಿತು. ಮುಂದಿನ ವರ್ಷ ಸೆನೆಟ್‌ನಲ್ಲಿ ಕೆಲವರು ಮಾತು ಮುಗಿಸದೆ ಎಳೆದು ಎಳೆದು ಅದನ್ನು ಮತಕ್ಕೇ ಬರದ ಹಾಗೆ ಮಾಡಿದರು. ಅಷ್ಟೇ.

ಪ್ರಶ್ನೆ: ಅಮೆರಿಕದ ಸೈನ್ಯ ಯಾರ ಮಾತು ಕೇಳುತ್ತದೆ? ಯುದ್ಧಕ್ಕೆ ಹೋಗು ಅಂತ ಅಧ್ಯಕ್ಷರು ಒಬ್ಬರೇ ಹೇಳಬಹುದಾ?
(ನಿವೃತ್ತ ಸುಬೇದಾರ್, ವಿರಾಜಪೇಟೆ)

ಸುಬೇದಾರರೇ, ಇದು ಅಲ್ಲಿಯವರೇ ಇವತ್ತಿಗೂ ಜಗಳ ಆಡುವ ಪ್ರಶ್ನೆ. ಕಾಗದದ ಮೇಲೆ ಸ್ಪಷ್ಟ. ಯುದ್ಧ ಸಾರುವುದು ಕಾಂಗ್ರೆಸ್, ನಡೆಸುವುದು ಅಧ್ಯಕ್ಷರು. ಅವರೇ ಮಹಾದಂಡನಾಯಕ. ಆದರೆ ಕಾಂಗ್ರೆಸ್ ಕೊನೆಯ ಸಲ ಅಧಿಕೃತವಾಗಿ ಯುದ್ಧ ಸಾರಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಆಮೇಲಿನ ಇರಾಕ್, ಒಂದಕ್ಕೂ ಯುದ್ಧ ಘೋಷಣೆ ಇಲ್ಲ. ಎಲ್ಲೋ ಒಂದು ಒಪ್ಪಿಗೆ ಪತ್ರ ಇರುತ್ತದೆ, ಕೊರಿಯಾಕ್ಕೆ ಅದೂ ಇರಲಿಲ್ಲ.

ಕೊರಿಯಾ ಅಂದಾಗ ನಿಮಗೆ ಜನರಲ್ ತಿಮ್ಮಯ್ಯ ನೆನಪಾಗುತ್ತಾರೆ, ಅಲ್ವಾ? 1953ರಲ್ಲಿ ಆ ಯುದ್ಧದ ಕೈದಿಗಳನ್ನು ಅವರವರ ಕಡೆಗೆ ಒಪ್ಪಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಮಡಿಕೇರಿಯವರೇ. ಅದಕ್ಕೆ ಎರಡು ವರ್ಷ ಮೊದಲು ಅದೇ ಯುದ್ಧದಲ್ಲಿ ನಡೆದ ಘಟನೆ ನಿಮ್ಮ ಪ್ರಶ್ನೆಗೆ ಒಳ್ಳೆಯ ಉತ್ತರ. ಜನರಲ್ ಮೆಕಾರ್ಥರ್ ಅಂದರೆ ಅಲ್ಲಿ ದೇವರ ಹಾಗೆ ನೋಡುತ್ತಿದ್ದ ಕಾಲ. ಯುದ್ಧವನ್ನು ಚೀನಾದ ಒಳಗೂ ಒಯ್ಯಬೇಕು ಅಂತ ಅವರು ಅಧ್ಯಕ್ಷ ಟ್ರೂಮನ್ ಮಾತು ಮೀರಿ ಬಹಿರಂಗವಾಗಿ ಹೇಳುತ್ತಾ ಹೋದರು. 1951ರ ಏಪ್ರಿಲ್ 11ಕ್ಕೆ ಟ್ರೂಮನ್ ಅವರನ್ನು ಕೆಲಸದಿಂದ ತೆಗೆದೇಬಿಟ್ಟರು. ಜನ ಟ್ರೂಮನ್ನಿಗೆ ಬೈದರು, ಮೆಕಾರ್ಥರಿಗೆ ಮೆರವಣಿಗೆ ಮಾಡಿದರು. ಆದರೂ ಆಜ್ಞೆ ಆಜ್ಞೆಯೇ. ಸಮವಸ್ತ್ರದವರು ಮತದಿಂದ ಬಂದವರ ಕೆಳಗೆ, ನಿಮಗೆ ಹೇಳಿಕೊಡಬೇಕಾಗಿಲ್ಲ.

ಮರುವರ್ಷ ಇದೇ ಟ್ರೂಮನ್ನಿಗೆ ಬೇರೆ ಕಡೆಯಿಂದ ಏಟು ಬಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಆಗುವುದರಲ್ಲಿತ್ತು. ಯುದ್ಧಕ್ಕೆ ಉಕ್ಕು ಬೇಕು ಅಂತ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಸುಪ್ರೀಂ ಕೋರ್ಟ್ 6ಕ್ಕೆ 3ರಿಂದ ಹೇಳಿತು: ಅಂಥ ಅಧಿಕಾರ ಕಾಂಗ್ರೆಸ್ ನಿಮಗೆ ಕೊಟ್ಟಿಲ್ಲ, ವಾಪಸ್ ಕೊಡಿ. ಕೊಟ್ಟರು. ಸೈನ್ಯಕ್ಕೆಲ್ಲ ದಂಡನಾಯಕರಾದವರು ಒಂಬತ್ತು ಜನ ಮುದುಕರ ಕಾಗದಕ್ಕೆ ತಲೆಬಾಗಿ ಕಾರ್ಖಾನೆ ಬಿಟ್ಟುಕೊಟ್ಟರು! ಪತ್ರ ಓದುವ ತಮ್ಮ ಅಂದೆನಲ್ಲ ಮೇಲೆ, ಅವನ ಹತ್ತಿರ ಕೋವಿ ಇಲ್ಲ, ದುಡ್ಡೂ ಇಲ್ಲ. ಎಲ್ಲರೂ ಕೇಳುತ್ತಾರೆ ಅನ್ನುವುದೇ ಅವನ ಬಲ, ಕೇಳದಿದ್ದರೆ ಏನು ಅನ್ನುವುದು ಅಲ್ಲಿಯವರಿಗೆ ನಿದ್ದೆ ಕೆಡಿಸುವ ಪ್ರಶ್ನೆ.

ವಿಯೆಟ್ನಾಂ ಆದಮೇಲೆ 1973ರಲ್ಲಿ ಕಾಂಗ್ರೆಸ್ ಒಂದು ಕಾನೂನು ತಂದಿತು. ಸೈನ್ಯ ಕಳಿಸಿದರೆ 48 ಗಂಟೆಯೊಳಗೆ ನಮಗೆ ತಿಳಿಸಬೇಕು, ನಾವು ಒಪ್ಪದಿದ್ದರೆ 60 ದಿನದ ಮೇಲೆ ನಿಲ್ಲಿಸಬೇಕು ಅಂತ. ನಿಕ್ಸನ್ ವೀಟೊ ಹಾಕಿದರು, ಅದನ್ನೂ ಮೀರಿ ಪಾಸು ಮಾಡಿದರು. ಆದರೆ ಆಮೇಲೆ ಬಂದ ಅಧ್ಯಕ್ಷರು ಎರಡೂ ಪಕ್ಷದವರು ಇದಕ್ಕೆ ಸಂದುಗೊಂದು ಹುಡುಕಿಕೊಂಡೇ ಬಂದಿದ್ದಾರೆ.

ಪ್ರಶ್ನೆ: ಅಲ್ಲಿ ಚುನಾವಣಾ ಆಯೋಗ ಯಾವಾಗ ಫಲಿತಾಂಶ ಘೋಷಣೆ ಮಾಡುತ್ತದೆ? ಇಬ್ಬರಿಗೂ 269 ಬಂದರೆ ಟಾಸ್ ಹಾಕುತ್ತಾರಾ?
(ಹೋಂಸ್ಟೇ ನಡೆಸುವವರು, ಭಾಗಮಂಡಲ)

ನಮ್ಮ ಹಾಗೆ ಇಡೀ ದೇಶಕ್ಕೆ ಒಂದೇ ಆಯೋಗ ಚುನಾವಣೆ ನಡೆಸುವ ಪದ್ಧತಿ ಅಲ್ಲಿಲ್ಲ. ರಾಜ್ಯ ರಾಜ್ಯಕ್ಕೆ ಬೇರೆ ನಿಯಮ, ಅದರೊಳಗೆ ನಮ್ಮ ಜಿಲ್ಲೆಯಂಥ 3,000ಕ್ಕೂ ಹೆಚ್ಚು ಕೌಂಟಿಗಳು. ಒಂದು ಕಡೆ ಕಾಗದ, ಒಂದು ಕಡೆ ಯಂತ್ರ. ರಾತ್ರಿ ಟಿವಿಯಲ್ಲಿ ‘ಗೆದ್ದರು’ ಅಂತ ಹೇಳುವುದು ಸುದ್ದಿ ಸಂಸ್ಥೆಗಳ ಲೆಕ್ಕಾಚಾರ ಮಾತ್ರ. ಅಧಿಕೃತವಾಗಿ ಲೆಕ್ಕ ಮುಗಿಯುವುದು ಜನವರಿ 6ಕ್ಕೆ, ಕಾಂಗ್ರೆಸ್ಸಿನ ಎರಡೂ ಸದನ ಕೂಡಿ ಎಲೆಕ್ಟರ್‌ಗಳ ಮತ ಎಣಿಸಿದಾಗ. ಜನವರಿ 20ಕ್ಕೆ ಪ್ರಮಾಣವಚನ.

2023ರಲ್ಲಿ ಜಯನಗರದಲ್ಲಿ 16 ಮತದ ಅಂತರ ಬಂದು ಮಧ್ಯರಾತ್ರಿವರೆಗೂ ಮರುಎಣಿಕೆ ಆಯಿತಲ್ಲ, 2000ದಲ್ಲಿ ಫ್ಲೋರಿಡಾದಲ್ಲಿ ಸುಮಾರು 60 ಲಕ್ಷ ಮತದಲ್ಲಿ ಅಂತರ 537. ಮಧ್ಯರಾತ್ರಿ ಅಲ್ಲ, ಐದು ವಾರ ಎಳೆಯಿತು. ಕೊನೆಗೆ ಸುಪ್ರೀಂ ಕೋರ್ಟ್ 5ಕ್ಕೆ 4ರಿಂದ ಎಣಿಕೆ ನಿಲ್ಲಿಸಿತು, ಬುಷ್ ಅಧ್ಯಕ್ಷರಾದರು.

ಟಾಸ್ ಇಲ್ಲ. 269-269 ಆದರೆ ಪ್ರತಿನಿಧಿ ಸಭೆ ಆರಿಸುತ್ತದೆ. ಆದರೆ ತಮಾಷೆ ನೋಡಿ, ಅಲ್ಲಿ 435 ಮತ ಅಲ್ಲ, ರಾಜ್ಯಕ್ಕೆ ಒಂದು ಮತ. ಕ್ಯಾಲಿಫೋರ್ನಿಯಾದ 52 ಜನ ಕೂತು ಒಂದು ಮತ, ವಯೋಮಿಂಗ್‌ನ ಒಬ್ಬರೇ ಕೂತು ಒಂದು ಮತ. 26 ಬಂದವರು ಗೆದ್ದರು. 1824ರಲ್ಲಿ ಯಾರಿಗೂ ಬಹುಮತ ಬರದೆ ಹೀಗೇ ಆಯಿತು. ಎಲೆಕ್ಟರ್ ಮತವೂ ಜನರ ಮತವೂ ಮುಂದಿದ್ದ ಆಂಡ್ರ್ಯೂ ಜಾಕ್ಸನ್ ಸೋತು ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು. ಜಾಕ್ಸನ್ ನಾಲ್ಕು ವರ್ಷ ಹಲ್ಲು ಕಚ್ಚಿ 1828ರಲ್ಲಿ ಗೆದ್ದು ಬಂದರು.

ಪ್ರಶ್ನೆ: ಅಧ್ಯಕ್ಷರನ್ನು ನಡುವೆ ಇಳಿಸಬಹುದಾ?
(ಓದುಗರು, ನಾಪೋಕ್ಲು)

ದಾರಿ ಇದೆ, ಯಾರೂ ಆ ದಾರಿಯಲ್ಲಿ ಕೊನೆ ಮುಟ್ಟಿಲ್ಲ. ಪ್ರತಿನಿಧಿ ಸಭೆ ಆರೋಪ ಹೊರಿಸಬೇಕು, ಸೆನೆಟ್ ವಿಚಾರಣೆ ಮಾಡಿ ಮೂರನೇ ಎರಡು ಮತದಿಂದ ತಪ್ಪಿತಸ್ಥ ಅನ್ನಬೇಕು. ಆಂಡ್ರ್ಯೂ ಜಾನ್ಸನ್ 1868ರಲ್ಲಿ ಒಂದೇ ಒಂದು ಮತದಿಂದ ಉಳಿದುಕೊಂಡರು. ಬಿಲ್ ಕ್ಲಿಂಟನ್ ಉಳಿದರು, ಟ್ರಂಪ್ ಎರಡು ಸಲ ಉಳಿದರು. ನಿಕ್ಸನ್ ಮೇಲೆ ಆರೋಪ ಸದನಕ್ಕೆ ಬರುವ ಮೊದಲೇ, 1974ರ ಆಗಸ್ಟ್ 9ಕ್ಕೆ, ಅವರೇ ರಾಜೀನಾಮೆ ಕೊಟ್ಟು ಹೋದರು.

ಪ್ರಶ್ನೆ: ನನ್ನ ಮೊಮ್ಮಗ ಹುಟ್ಟಿದ್ದು 2022ರ ಆಗಸ್ಟಿನಲ್ಲಿ, ಅಮೆರಿಕದಲ್ಲೇ. ಅವನು ಅಲ್ಲಿ ಅಧ್ಯಕ್ಷ ಆಗಬಹುದಾ? ತಮಾಷೆಗಲ್ಲ, ನಿಜವಾಗಿ ಕೇಳುತ್ತಿದ್ದೇನೆ.
(ಅಜ್ಜಿಯೊಬ್ಬರು, ಸಿದ್ದಾಪುರ)

ಆಗಬಹುದು ಅಜ್ಜಿ. ಮೂರೇ ಷರತ್ತು. ಹುಟ್ಟಿನಿಂದ ಅಲ್ಲಿಯ ಪ್ರಜೆ ಆಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸ ಮಾಡಿರಬೇಕು. ನಿಮ್ಮ ಮಗ ಸೊಸೆ ಆಮೇಲೆ ಅಲ್ಲಿಯ ಪೌರತ್ವ ತೆಗೆದುಕೊಂಡರೂ ಅವರಿಗೆ ಆಗುವುದಿಲ್ಲ, ಮೊಮ್ಮಗನಿಗೆ ಅಡ್ಡಿ ಇಲ್ಲ. 2021ರಲ್ಲಿ ಉಪಾಧ್ಯಕ್ಷರಾದ ಕಮಲಾ ಹ್ಯಾರಿಸ್ ಅವರ ತಾಯಿ ಮದ್ರಾಸಿನಲ್ಲಿ ಹುಟ್ಟಿದವರು, ಮಗಳು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ.

ಒಂದು ವಿಷಯ ಮಾತ್ರ. 2056ರ ಚುನಾವಣೆಗೆ ನಿಮ್ಮ ಮೊಮ್ಮಗ ಸ್ವಲ್ಪದರಲ್ಲಿ ತಪ್ಪಿಸಿಕೊಳ್ಳುತ್ತಾನೆ. 2057ರ ಜನವರಿ 20ಕ್ಕೆ ಅವನಿಗೆ ಇನ್ನೂ 34. ಹಾಗಾಗಿ 2060ರ ನವೆಂಬರ್, ಮಂಗಳವಾರ. ಎರಡು ಸಲಕ್ಕಿಂತ ಜಾಸ್ತಿ ಗೆಲ್ಲುವ ಹಾಗಿಲ್ಲ, 1951ರಲ್ಲಿ ಅದಕ್ಕೂ ಒಂದು ತಿದ್ದುಪಡಿ ತಂದಿದ್ದಾರೆ.